ಸತ್ತವರಿಗೂ ಕಾರ್ಡು ಕೊಟ್ಟು ಬಂದವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಎಂದಲ್ಲ, ಮುಚ್ಚಿಡುವಂಥದ್ದೇನೋ ಇದೆ ಎಂದೂ ಅಲ್ಲ. ಬರೆಯಬಾರದ ಕಡೆ ಹೆಸರು ಬರೆದೇ ನಾನು ಕೆಟ್ಟಿದ್ದು. ಇವರೊಬ್ಬರನ್ನಾದರೂ ನನ್ನ ಪೆನ್ನಿನಿಂದ ದೂರ ಇಡೋಣ ಅನ್ನಿಸಿದೆ. ಹೋದ ತಿಂಗಳು ಅವರು ತೀರಿಕೊಂಡರು. ಹೊಸದುರ್ಗದ ಹತ್ತಿರದ ಅವರ ಊರಿಗೆ ಮಣ್ಣಿಗೆ ಹೋಗಿಬಂದೆ. ಅಲ್ಲಿ ಸೇರಿದ್ದವರೆಲ್ಲ "ಬಾಳ ಒಳ್ಳೇ ಮನುಷ್ಯ" ಅಂದರು, ನಾನೂ ತಲೆಯಾಡಿಸಿದೆ. ಆದರೆ ಆ ಒಂದು ಮಾತಿನಲ್ಲಿ ಅವರನ್ನು ಮುಗಿಸಿಬಿಡುವುದು ನನ್ನ ಕೈಲಿ ಆಗುವುದಿಲ್ಲ. ಕಡೆಯ ಒಂದು ವರ್ಷ ಅವರನ್ನು ಕಂಡರೆ ನನಗೆ ಭಯವಾಗುತ್ತಿತ್ತು.

ಚಿತ್ರದುರ್ಗದ ಹೊರಗೆ, ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಕಡೆ, ನಮ್ಮ ವಿಶ್ವವಿದ್ಯಾಲಯದ ಕೇಂದ್ರವಿದೆ. ನಾನು ಅಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಅಂದರೆ ಗೊತ್ತಲ್ಲ, ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾದವನು. ಹಾಗೆ ನನ್ನ ಕೊರಳಿಗೆ ಬಿದ್ದದ್ದು ಹದಿನೈದು ದಿನಕ್ಕೊಂದು ಶನಿವಾರ, ಮಧ್ಯಾಹ್ನ ಮೂರಕ್ಕೆ ನಡೆಯುವ ಸಾರ್ವಜನಿಕ ಕಾರ್ಯಕ್ರಮ. ಒಂದು ಸಲ ಉಪನ್ಯಾಸ, ಇನ್ನೊಂದು ಸಲ ಸಿನಿಮಾ. ಟಿಕೆಟ್ಟಿಲ್ಲ, ಯಾರು ಬೇಕಾದರೂ ಬರಬಹುದು. ಅವರು ಆ ಸಭಾಂಗಣದ ಅಟೆಂಡರ್. ನಾನು ಕೆಲಸಕ್ಕೆ ಸೇರುವ ಹೊತ್ತಿಗೇ ಅವರ ತಲೆ ಪೂರ್ತಿ ನೆರೆತಿತ್ತು. ಎಲ್ಲರೂ "ಯಜಮಾನ್ರು" ಅನ್ನುತ್ತಿದ್ದರು.

ಸಭಾಂಗಣದ ಕಿಟಕಿಗಳಿಗೆ ಪರದೆ ಬೇಕು ಎಂದು ಅರ್ಜಿ ಬರೆದು ಬರೆದು ಸಾಕಾಗಿ, ಅವರೇ ಯಾವುದೋ ಕುರುಬರ ಹಟ್ಟಿಯಿಂದ ಹಳೆಯ ಕರಿಕಂಬಳಿಗಳನ್ನು ತಂದು ನೇತುಹಾಕಿದ್ದರು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ಗವಿಯಂಥ ಕತ್ತಲೆ. ಮೋಡ ಮುಚ್ಚಿದ ದಿನ ಆ ಕಂಬಳಿಗಳು ಕುರಿವಾಸನೆ ಬಿಡುತ್ತಿದ್ದವು. ಬೆಂಗಳೂರಿನಿಂದ ಬಂದ ಭಾಷಣಕಾರರೊಬ್ಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಒಂದು ಗಂಟೆ ಮಾತಾಡಿದ್ದರು. ಅವತ್ತು ನನಗೆ ನಾಚಿಕೆಯಾಯಿತು, ಅವರಿಗೆ ಒಂದಿಷ್ಟೂ ಆಗಲಿಲ್ಲ. "ಮೂಗು ಮುಚ್ಕಂಡ್ರೂ ಮಾತು ಚೆನ್ನಾಗಿ ಬಂತು ಬಿಡ್ರಿ ಸಾರ್" ಅಂದರು.

ಭಾಷಣಕಾರರನ್ನು ಅಳೆಯುವುದಕ್ಕೆ ಅವರದೇ ಒಂದು ಲೆಕ್ಕವಿತ್ತು. ಮೇಜಿನ ಮೇಲೆ ಇಟ್ಟ ನೀರಿನ ಲೋಟವನ್ನು ಕಾರ್ಯಕ್ರಮ ಮುಗಿದ ಮೇಲೆ ಎತ್ತಿ ನೋಡುತ್ತಿದ್ದರು. ತುಂಬಿದ್ದರೆ, "ಇವತ್ತಿನೋರು ನೀರೇ ಮುಟ್ಲಿಲ್ಲ ನೋಡ್ರಿ, ಹೇಳಾದು ಬಾಳ ಇತ್ತು ಅವ್ರಿಗೆ." ಖಾಲಿಯಾಗಿದ್ದರೆ ಮಾತೇ ಇಲ್ಲ, ಲೋಟ ಬೋರಲು ಹಾಕಿ ಹೋಗುತ್ತಿದ್ದರು. ಒಮ್ಮೆ ನಾನೇ ಭಾಷಣ ಮಾಡಬೇಕಾಗಿ ಬಂತು. ಗಂಟಲು ಒಣಗಿ ಸಾಯುತ್ತಿದ್ದರೂ ಅವರ ಹೆದರಿಕೆಗೆ ಲೋಟದ ಕಡೆ ಕೈ ಚಾಚಲಿಲ್ಲ. ಮಹರಾಯರು ಆ ಲೋಟವನ್ನು ಎತ್ತಿಯೂ ನೋಡಲಿಲ್ಲ.

ಅಲ್ಲಿದ್ದದ್ದು ನೂರು ಕುರ್ಚಿ. ನೂರನ್ನೂ ಹೆಗಲ ಮೇಲಿನ ಟವೆಲಿನಿಂದ ಒಂದೊಂದಾಗಿ ಒರೆಸುತ್ತಿದ್ದರು. "ಬರೋದು ಹತ್ತು ಜನ, ಹತ್ತು ಕುರ್ಚಿ ಒರಸ್ರಿ ಸಾಕು" ಅಂತ ಒಮ್ಮೆ ರೇಗಿದೆ. ಕೈ ನಿಲ್ಲಿಸದೆ, "ಯಾವ ಹತ್ತರಾಗೆ ಕುಂತ್ಕಂತಾರೆ ಅಂತ ನಿಮಗ್ ಗೊತ್ತಾ ಸಾರ್?" ಅಂದರು.

ಸಿನಿಮಾ ಶುರುವಾದರೆ ಅವರು ಪರದೆ ನೋಡುತ್ತಿರಲಿಲ್ಲ. ಹಿಂಬಾಗಿಲ ಹತ್ತಿರ ನಿಂತುಬಿಡುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಲ್ಯಾಪ್‌ಟಾಪ್ ನೋಡಿಕೊಂಡು ಕೂತಿರುತ್ತಿದ್ದೆ. ಕತ್ತಲಲ್ಲಿ ಹಿಂದಿನಿಂದ ಅವರ ಮೆಲುದನಿ ಕೇಳುತ್ತಿತ್ತು: "ಬರ್ರಿ, ಕುಂತ್ಕಳ್ರಿ. ಇಲ್ಲಿ ಜಾಗ ಐತೆ." ಮೊದಮೊದಲು ತಿರುಗಿ ನೋಡುತ್ತಿದ್ದೆ. ಬಾಗಿಲ ಸಂದಿಯ ಬೆಳಕು, ಅವರ ನೆರಳು, ಅಷ್ಟೇ. ಒಬ್ಬರೂ ಒಳಗೆ ಬಂದದ್ದು ಕಾಣುತ್ತಿರಲಿಲ್ಲ.

"ಯಾರನ್ನ ಕರೀತೀರ್ರಿ ನೀವು?" ಅಂತ ಕೇಳಿದೆ.

"ಬಿಸ್ಲಿಂದ ಬಂದೋರಿಗೆ ಕಣ್ ಕತ್ಲೆ ಕಟ್ಟಿರ್ತೈತೆ ಸಾರ್. ದನಿ ಕೇಳಿದ್ರೆ ದಾರಿ ಸಿಗ್ತೈತೆ."

"ಯಾರೂ ಬರ್ಲಿಲ್ವಲ್ರೀ!"

"ಪರದೆ ನೋಡಿ ನೋಡಿ ನಿಮಗೂ ಕಣ್ ಕತ್ಲೆ ಕಟ್ಟಿರ್ತೈತೆ" ಅಂದರು. ತಮಾಷೆಯೋ ನಿಜವೋ ಅವರ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಆಮೇಲೆ ನಾನು ತಿರುಗಿ ನೋಡುವುದನ್ನೇ ಬಿಟ್ಟೆ.

ಇನ್ನೊಂದು ಅಭ್ಯಾಸ. ಸಿನಿಮಾ ಮುಗಿದ ಕೂಡಲೇ ಲೈಟು ಹಾಕಲು ಬಿಡುತ್ತಿರಲಿಲ್ಲ. ಹಿಂಬಾಗಿಲನ್ನು ಒಂದು ಆಳು ಹಿಡಿಸುವಷ್ಟು ತೆರೆದು, "ಒಂದ್ ಗಳಿಗೆ ತಡೀರಿ, ಹೋಗೋರು ಹೋಗ್ಲಿ" ಅನ್ನುತ್ತಿದ್ದರು. ಕಣ್ಣೀರು ಹಾಕಿದವರಿಗೆ ಬೆಳಕಿಗೆ ಮುಖ ತೋರಿಸಲು ಸಂಕೋಚ ಎನ್ನುವುದು ಅವರ ವಾದ. ಆ ಕತ್ತಲಿನ ಗಳಿಗೆಯಲ್ಲಿ ಚಪ್ಪಲಿ ಸದ್ದು ಕೇಳುತ್ತಿತ್ತು. ಲೈಟು ಹಾಕಿ ನೋಡಿದರೆ ನಮ್ಮ ವಿದ್ಯಾರ್ಥಿಗಳು ಎಲ್ಲರೂ ಕೂತಲ್ಲೇ ಕೂತಿರುತ್ತಿದ್ದರು.

ಇಷ್ಟೇ ಆಗಿದ್ದರೆ ವಿಚಿತ್ರದ ಮನುಷ್ಯ ಅಂದುಕೊಂಡು ಸುಮ್ಮನಿರುತ್ತಿದ್ದೆ. ನಮ್ಮಣ್ಣನ ವಿಷಯ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮದು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ. ಅಣ್ಣ ಊರಲ್ಲೇ ಇದ್ದ. ಐಮಂಗಲದಲ್ಲಿ ನೆಂಟರ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ ಕೂತವರೆಲ್ಲರ ಎದುರಿಗೆ, "ಇವ್ನ ಕೆಲ್ಸ ಖಾಯಂ ಆಗೋ ಹೊತ್ತಿಗೆ ಇವ್ನ ಮಗಳ ಮದ್ವೆನೇ ಮುಗ್ದಿರ್ತೈತೆ" ಅಂದುಬಿಟ್ಟ. ಎಲ್ಲರೂ ನಕ್ಕರು. ನಾನು ಎಲೆ ಬಿಟ್ಟು ಎದ್ದುಬಂದೆ. ಎರಡು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದೆ. ಒಂದು ಶನಿವಾರ, ಸಿನಿಮಾ ನಡೆಯುವಾಗ, ಸದ್ದು ನಿಲ್ಲಿಸಿದ್ದ ನನ್ನ ಫೋನಿನ ಮೇಲೆ ಅಣ್ಣನ ಹೆಸರು ಬಂತು. ನೋಡಿದೆ. ಫೋನನ್ನು ಬೋರಲು ಇಟ್ಟೆ. ಮತ್ತೆ ಬಂತು, ಮತ್ತೆ ಬಂತು. ಮೂರು ಸಲ. ಎದೆನೋವು ಬಂದು ಹಿರಿಯೂರು ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲಿ ಅವನ ಜೀವ ಹೋಗಿತ್ತು.

ಮಣ್ಣು ಮಾಡಿ ಬಂದ ಮೇಲೆ ಅತ್ತಿಗೆ ನನ್ನನ್ನು ಕೇಳಿದ್ದು ಒಂದೇ ಮಾತು: "ಫೋನ್ ಯಾಕ್ ಎತ್ಲಿಲ್ಲ?" "ನೋಡ್ಲಿಲ್ಲ ಅತ್ತಿಗೆ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ನಂಬಲಿಲ್ಲ ಅಂತ ನನಗೆ ಗೊತ್ತಾಯಿತು. ಅದಾದ ಮೇಲೆ ನಾನು ಆ ಮನೆಯ ಹೊಸಿಲು ತುಳಿಯಲಿಲ್ಲ. ತಿಥಿಗೂ ಜ್ವರದ ನೆಪ ಹೇಳಿದೆ. ಆ ಸುಳ್ಳನ್ನು ಹೊತ್ತುಕೊಂಡು ಅತ್ತಿಗೆಯ ಎದುರು ನಿಲ್ಲುವ ಧೈರ್ಯ ನನಗಿರಲಿಲ್ಲ. ನಿಜ ಹೇಳುವ ಧೈರ್ಯವಂತೂ ದೂರದ ಮಾತು.

ಇದಾಗಿ ಆರು ತಿಂಗಳಿಗೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಪ್ರತಿ ಕಾರ್ಯಕ್ರಮಕ್ಕೂ ಹೊರಗಿನ ಸಾರ್ವಜನಿಕರು ಕಡೇ ಪಕ್ಷ ಮೂವತ್ತು ಮಂದಿ ಇರಬೇಕು. ಹೆಸರು, ಊರು, ಸಹಿ ಇರುವ ಹಾಜರಿ ಹಾಳೆ ಕಡತದಲ್ಲಿರಬೇಕು. ಇಲ್ಲದಿದ್ದರೆ ಕಾರ್ಯಕ್ರಮ ರದ್ದು. ರದ್ದಾಗಲಿ ಅಂತ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಖಾಯಂ ಕೆಲಸದ ಅರ್ಜಿಯಲ್ಲಿ ತೋರಿಸಿಕೊಳ್ಳಲು ನನಗಿದ್ದದ್ದು ಇದೊಂದೇ. ಆ ಶನಿವಾರ ಹೊರಗಿನಿಂದ ಬಂದವರು ಏಳು ಮಂದಿ. ಉಳಿದ ಇಪ್ಪತ್ತಮೂರು ಹೆಸರನ್ನು ನಾನೇ ಬರೆಯಲು ಕೂತೆ.

ಬದುಕಿರುವವರ ಹೆಸರು ಬರೆದು, ನಾಳೆ ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ನನ್ನ ಗತಿ? ಅದಕ್ಕೇ ಸತ್ತವರನ್ನು ಆರಿಸಿಕೊಂಡೆ. ಸತ್ತವರು ಯಾರಿಗೆ ದೂರು ಕೊಡುತ್ತಾರೆ? ಎಂಥಾ ಬುದ್ಧಿವಂತಿಕೆ ನೋಡಿ! ಯಲ್ಲದಕೆರೆಯವರು, ನಮ್ಮಮ್ಮನ ತವರಾದ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದವರು, ನೆನಪಾದವರನ್ನೆಲ್ಲ ಬರೆದೆ. ತಾಳ್ಯದಲ್ಲಿ ಶಾಲೆಯ ಮುಂದೆ ಕಡಲೆಪುರಿ ಮಾರುತ್ತಿದ್ದ ಒಂದು ಅಜ್ಜಿಯಿತ್ತು. ಮಕ್ಕಳಿಲ್ಲ ಮರಿಯಿಲ್ಲ, ಬಾಯಲ್ಲಿ ಸದಾ ಹೊಗೆಸೊಪ್ಪು. ಟೆಂಟ್ ಸಿನಿಮಾ ಅಂದರೆ ಪ್ರಾಣ ಬಿಡುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಸತ್ತುಹೋಗಿತ್ತು. ಪಾಪ, ಈಗಲಾದರೂ ಪುಕ್ಕಟೆ ನೋಡಲಿ ಅಂತ ನಗುತ್ತಲೇ ಅದರ ಹೆಸರು ಬರೆದೆ. ಕಡೆಗೆ ಒಂದು ಹೆಸರು ಕಡಿಮೆ ಬಿತ್ತು. ಪೆನ್ನು ಹಾಳೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ಆಮೇಲೆ ಅಣ್ಣನ ಹೆಸರು ಬರೆದು ಸಹಿ ಮಾಡಿದೆ.

ಮರೆತದ್ದು ಒಂದೇ ಒಂದು. ಯಜಮಾನರಿಗೆ ಒಂದು ನೇಮವಿತ್ತು. ಒಂದು ಸಲ ಬಂದು ಹೆಸರು ಬರೆದವರಿಗೆ ಮುಂದಿನ ಸಲದ ಕಾರ್ಡನ್ನು ಮನೆಗೇ ಹೋಗಿ ಕೈಗೆ ಕೊಟ್ಟು ಕರೆಯಬೇಕು, ಮದುವೆಗೆ ಕರೆಯುವ ಹಾಗೆ. "ಬಾಯ್ತುಂಬ ಕರೀದೆ ಯಾರ್ ಬರ್ತಾರೆ ಸಾರ್?" ಅನ್ನುತ್ತಿದ್ದರು. ಒಂದು ಭಾನುವಾರ ಹಿರಿಯೂರು ಕಡೆ, ಇನ್ನೊಂದು ಭಾನುವಾರ ಹೊಳಲ್ಕೆರೆ, ಹೊಸದುರ್ಗದ ಕಡೆ, ಹಳೇ ಮೊಪೆಡ್ಡಿನಲ್ಲಿ ಹೊರಟುಬಿಡುತ್ತಿದ್ದರು. ಈ ನೇಮ ನನಗೆ ಗೊತ್ತಿದ್ದದ್ದೇ. ಸುಳ್ಳು ಸಹಿ ಹಾಕುವ ಅವಸರದಲ್ಲಿ ತಲೆಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ವರಾಂಡದಲ್ಲಿ ಸಿಕ್ಕರು. ಮುಖ, ಕೂದಲು ಎಲ್ಲ ಕೆಂಧೂಳು.

"ಯಲ್ಲದಕೆರೆಯೋರಿಗೆ ಕಾರ್ಡ್ ಕೊಟ್ ಬಂದೆ ಸಾರ್" ಅಂದರು.

"ಯಾ... ಯಾರಿಗೆ ಕೊಟ್ರಿ?"

"ಹಾಳೆ ಮ್ಯಾಲೆ ಯಾರ್ ಹೆಸ್ರು ಐತೋ ಅವ್ರಿಗೆ. ಕಟ್ಟಕಡೇಲಿ ಒಂದ್ ಹೆಸ್ರು ಇತ್ತಲ್ಲ, ಅವ್ರ ಮನೇಲಿ ಕಾಫಿನೂ ಆತು. ಬರ್ತೀನಿ ಅಂದ್ರು."

ಕಟ್ಟಕಡೆಯ ಹೆಸರು ನನ್ನ ಅಣ್ಣನದು. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಟವೆಲು ಕೊಡವಿಕೊಂಡು ಹೊರಟುಹೋದರು. ಹಿಂದೆ ಹೋಗಿ ಕೇಳೋಣ ಅಂದರೆ ಏನಂತ ಕೇಳುವುದು? 'ಅವರು ಸತ್ತಿದ್ದಾರೆ' ಅಂದರೆ, 'ಹಾಗಾದರೆ ಸಹಿ ಯಾರು ಮಾಡಿದ್ದು' ಅನ್ನುತ್ತಾರೆ. ಕಳ್ಳನ ಹಾಗೆ ಬಾಯಿ ಮುಚ್ಚಿಕೊಂಡೆ.

ಮುಂದಿನ ಸೋಮವಾರ, "ತಾಳ್ಯಕ್ಕೂ ಹೋಗಿದ್ದೆ ಸಾರ್. ಆ ಅಜ್ಜಿ ಬಾಳ ಮಾತುಗಾರ್ತಿ. ಸಿನಿಮಾ ಅಂದ್ ಕೂಡ್ಲೆ ಯಾವ್ ಬಸ್ಸು, ಎಷ್ಟೊತ್ತಿಗೆ ಅಂತ ಎಲ್ಲ ವಿಚಾರಿಸ್ತು" ಅಂದರು. ನನಗೆ ಆ ದಿನ ಅನ್ನ ಸೇರಲಿಲ್ಲ. ಇವರಿಗೆ ತಲೆ ಕೆಟ್ಟಿದೆಯೋ, ನನ್ನ ಕಳ್ಳತನ ಗೊತ್ತಾಗಿ ಆಟ ಆಡಿಸುತ್ತಿದ್ದಾರೋ, ಅಥವಾ ಮೂರನೆಯದು ಏನಾದರೂ ಇದೆಯೋ? ಆ ಮೂರನೆಯದನ್ನು ಹಗಲು ಹೊತ್ತಿನಲ್ಲಿ ಯೋಚಿಸುವುದಕ್ಕೂ ನನಗೆ ಹಿಂಜರಿಕೆ.

ಮುಂದಿನ ಸಿನಿಮಾದ ದಿನ ಹಾಜರಿ ಹಾಳೆಯನ್ನು ಅವರೇ ಸಾಲುಗಳಲ್ಲಿ ಹಿಡಿದುಕೊಂಡು ಹೋದರು. ಹಿಂದಿನಿಂದ ಎಂದಿನಂತೆ "ಬರ್ರಿ, ಕುಂತ್ಕಳ್ರಿ" ಕೇಳಿಸಿತು. ಒಬ್ಬರ ಹಿಂದೆ ಒಬ್ಬರು ಕೂರುವಾಗ ಆಗುವ ಕುರ್ಚಿಯ ಕಿರಕ್ ಸದ್ದೂ ಕೇಳಿಸಿತು. ನಾನು ತಿರುಗಲಿಲ್ಲ. ಕತ್ತು ಮರಗಟ್ಟಿದ ಹಾಗೆ ಪರದೆಯನ್ನೇ ನೋಡುತ್ತ ಕೂತೆ. ಹಿಮದ ನಾಡಿನ ಯಾವುದೋ ಚಿತ್ರ, ಅದರ ಕಥೆ ಇವತ್ತಿಗೂ ನನಗೆ ಗೊತ್ತಿಲ್ಲ. ಮುಗಿದ ಮೇಲೆ ಹಾಳೆ ನನ್ನ ಕೈಗೆ ಬಂತು. ಕೊರತೆ ಬಿದ್ದ ಸಾಲುಗಳನ್ನು ತುಂಬಲು ನಾನಿನ್ನೂ ಪೆನ್ನು ತೆಗೆದಿರಲಿಲ್ಲ. ಆದರೆ ಅಣ್ಣನ ಹೆಸರು ಆಗಲೇ ಅಲ್ಲಿತ್ತು.

ಅಂಕುಡೊಂಕು ಅಕ್ಷರ, ಒತ್ತಿ ಒತ್ತಿ ಬರೆದದ್ದು. ನಮ್ಮಣ್ಣ ಓದಿದ್ದು ಏಳನೇ ಕ್ಲಾಸು, ಅವನೂ ಹೀಗೇ ಬರೆಯುತ್ತಿದ್ದ. ಕೆಳಗಿನ ಸಾಲಿನಲ್ಲಿ ಒಂದು ಹೆಬ್ಬೆಟ್ಟಿನ ಗುರುತು, ಅದರ ಪಕ್ಕದಲ್ಲಿ ಯಜಮಾನರ ಕೈಬರಹದಲ್ಲಿ 'ತಾಳ್ಯ' ಅಂತ ಊರಿನ ಹೆಸರು. ಅಯ್ಯೋ ಶಿವನೇ ಅಂದುಕೊಂಡು ಹಾಳೆಯನ್ನು ಕಡತದೊಳಗೆ ತುರುಕಿ ಬೀರುವಿಗೆ ಬೀಗ ಹಾಕಿದೆ. ಆಮೇಲಿನ ಪ್ರತಿ ಸಿನಿಮಾಕ್ಕೂ ಹೀಗೇ. ಉಳಿದ ಸತ್ತವರ ಸುದ್ದಿ ಇಲ್ಲ, ಈ ಇಬ್ಬರು ಮಾತ್ರ ತಪ್ಪದೆ ಬರುತ್ತಿದ್ದರು.

ಒಂದು ರಜೆಯ ದಿನ ತಡೆಯಲಾರದೆ ತಾಳ್ಯಕ್ಕೆ ಹೋದೆ. ಅಜ್ಜಿಯ ಮನೆ ಬಿದ್ದುಹೋಗಿ ಮಣ್ಣಿನ ದಿಬ್ಬವಾಗಿತ್ತು. ಉಳಿದದ್ದು ಬಾಗಿಲಿಲ್ಲದ ಬಾಗಿಲವಾಡ, ಅದರ ಮಗ್ಗುಲಿನ ಮೋಟುಗೋಡೆಯಲ್ಲಿ ದೀಪ ಇಡುವ ಒಂದು ಗೂಡು. ಗೂಡಿನಲ್ಲಿ ನಮ್ಮ ಕಾರ್ಯಕ್ರಮದ ಕಾರ್ಡುಗಳು, ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟಿದ್ದವು. ಎದುರು ಮನೆಯ ಹೆಂಗಸು ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಕೇಳಿದೆ.

"ಒಬ್ರು ಮೊಪೆಡ್‌ನಾಗೆ ಬರ್ತಾರೆ ಕಣಪ್ಪ. ಮೊದ್ಲ ಸಲ ಬಂದಾಗ್ಲೇ ಹೇಳಿದ್ವಿ, ಆಯಮ್ಮ ಸತ್ತು ಯಾವ್ ಕಾಲ ಆತು ಅಂತ. 'ಆತು ಬಿಡ್ರಿ' ಅಂದು ಆ ಬಾಗ್ಲಾಗೆ ನಿಂತು ಮಾತಾಡ್ಕಂತ, ನಕ್ಕಂತ ಇದ್ರು."

"ಯಾರ ಜೊತೆ?"

"ನಾವೂ ಅದನ್ನೇ ಬಗ್ಗಿ ಬಗ್ಗಿ ನೋಡಿದ್ವಿ" ಅಂದರು ಆಕೆ. ಬೀಜ ತೆಗೆದು ಮೊರಕ್ಕೆ ಹಾಕಿದರು. "ಒಳ್ಳೇರ ಹಂಗೆ ಕಾಣ್ತಾರೆ. ಅದಕ್ಕೇ ಯಾರೂ ಏನೂ ಅನ್ನಲ್ಲ."

ಯಲ್ಲದಕೆರೆಗೆ ಹೋಗಿ ವಿಚಾರಿಸಬಹುದಿತ್ತು. ಹೋಗಲಿಲ್ಲ. ಅಲ್ಲಿ ಅತ್ತಿಗೆ ಇದ್ದರು.

ಹೀಗೆ ಒಂದು ವರ್ಷದ ಮೇಲಾಯಿತು. ಸಭಾಂಗಣದಲ್ಲಿ ನನ್ನ ಬೆನ್ನಿಗೆ ಯಾರದೋ ನೋಟ ತಾಗಿದ ಹಾಗೆ ಅನ್ನಿಸುತ್ತಿತ್ತು. ಕಡೆಗೊಂದು ದಿನ, ಕಾರ್ಯಕ್ರಮ ಮುಗಿದು ಅವರು ಕಂಬಳಿ ಬಿಚ್ಚಿ ಮಡಿಸುತ್ತಿದ್ದಾಗ, ಎಲ್ಲ ಒದರಿಬಿಟ್ಟೆ. ಸುಳ್ಳು ಹೆಸರು ಬರೆದದ್ದು, ಸತ್ತವರನ್ನೇ ಆರಿಸಿ ಬರೆದದ್ದು, ಅದರಲ್ಲಿ ಒಬ್ಬ ನನ್ನ ಸ್ವಂತ ಅಣ್ಣ ಅನ್ನುವುದು.

ಅವರು ಕಂಬಳಿಯ ಅಂಚಿಗೆ ಅಂಚು ಸೇರಿಸುತ್ತ, "ಗೊತ್ತು ಸಾರ್. ಮೊದ್ಲ ಭಾನುವಾರ್ದಿಂದ ಗೊತ್ತು" ಅಂದರು.

"ಮತ್ತೆ ಬಂದು ಕೂರೋರು ಯಾರ್ರೀ?"

"ಬಂದೋರ್ನ ಬಂದಿಲ್ಲ ಅನ್ನಾಕೆ ನಾನ್ಯಾರು?"

"ಒಗಟು ಹಾಕ್ಬ್ಯಾಡ್ರಿ. ಹಿಂದಿನ ಸಾಲಲ್ಲಿ ಯಾರ್ ಕೂರ್ತಾರೆ, ಹೇಳ್ರಿ."

"ನಾನು ಹೇಳಂಗಿಲ್ಲ ಸಾರ್, ಮಾತು ಕೊಟ್ಟೀನಿ. ನಿಮ್ಮ ಬಗ್ಗೆ ಪ್ರತಿ ಸಲ ಒಂದೇ ಮಾತು ಕೇಳ್ತಾರೆ, 'ಇವತ್ತಾದ್ರೂ ತಿರುಗಿ ನೋಡಿದ್ನಾ' ಅಂತ. ಇಲ್ಲ ಅಂತೀನಿ."

ನನಗೆ ಎಲ್ಲಿತ್ತೋ ಸಿಟ್ಟು! "ಅಟೆಂಡರ್ ಆದೋರು ಅಟೆಂಡರ್ ಥರ ಇರ್ರಿ" ಅಂದುಬಿಟ್ಟೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಿಗೆ ಆಡುವ ಮಾತೇ ಅದು? ಅವರು ಮಡಿಸಿದ ಕಂಬಳಿಯನ್ನು ಎದೆಗೆ ಅವಚಿಕೊಂಡು ಉಳಿದ ಕಂಬಳಿಗಳ ಮೇಲೆ ಇಟ್ಟು ಬಂದರು. ಬಾಗಿಲು ಹಾಕುವಾಗ, "ಕೀಲಿ ಮೇಜಿನ ಮ್ಯಾಲೆ ಐತೆ ಸಾರ್" ಅಂದರು. ಅವರು ನನಗೆ ಆಡಿದ ಕಡೆಯ ಮಾತು ಅದು. ಆ ವಾರವೇ ಲಕ್ವ ಹೊಡೆದು ಮಲಗಿದರು, ಎಂಟು ದಿನಕ್ಕೆ ಹೋಗಿಬಿಟ್ಟರು. ನೋಡಿ ತಪ್ಪಾಯಿತು ಅನ್ನೋಣವೆಂದು ಹೊರಡುವಷ್ಟರಲ್ಲಿ ಸಾವಿನ ಸುದ್ದಿ ಬಂತು. ಈ ಸಂಕಟ ನನ್ನ ಜೊತೆಯೇ ಹೋಗುವಂಥದ್ದು.

ಅವರು ಹೋದ ಮೇಲಿನ ಮೊದಲ ಶನಿವಾರ. ಹೊಸ ಅಟೆಂಡರನ್ನು ಕೊಟ್ಟಿರಲಿಲ್ಲ. ಕಾರ್ಡು ಯಾರಿಗೂ ಹೋಗಿರಲಿಲ್ಲ. ಕಂಬಳಿಗಳನ್ನು ನಾನೇ ಕಟ್ಟಿದೆ. ಕುರ್ಚಿಗಳನ್ನು ಒರೆಸಲು ಹೋಗಿ, ಹತ್ತಕ್ಕೆ ನಿಲ್ಲಿಸೋಣ ಅಂದುಕೊಂಡು, ನಿಲ್ಲಿಸಲಾಗದೆ ನೂರನ್ನೂ ಒರೆಸಿದೆ. ಸಿನಿಮಾ ಹಚ್ಚಿ ಮುಂದೆ ಕೂರಲು ಮನಸ್ಸಾಗಲಿಲ್ಲ. ಮೊದಲ ಸಲ ಅವರ ಜಾಗದಲ್ಲಿ, ಹಿಂಬಾಗಿಲ ಹತ್ತಿರ ನಿಂತೆ.

ಅಲ್ಲಿ ನಿಂತರೆ ಕಾಣುವುದು ಕತ್ತಲೆ ಮತ್ತು ತಲೆಗಳು. ಹಿಂದಿನ ಸಾಲಿನ ಮೂಲೆಯಲ್ಲಿ ಸೆರಗು ಹೊದ್ದ ಒಂದು ತಲೆಯಿತ್ತು. ಅದು ಪರದೆಯ ಕಡೆ ತಿರುಗಿರಲಿಲ್ಲ. ಮುಂದಿನ ಸಾಲಿನಲ್ಲಿ ನಾನು ಕೂರುವ ಕುರ್ಚಿಯ ಕಡೆ ತಿರುಗಿತ್ತು. ಮುಗಿಯುವವರೆಗೂ ಅದು ಕದಲಲಿಲ್ಲ, ನಾನೂ ಕದಲಲಿಲ್ಲ.

ಸಿನಿಮಾ ಮುಗಿಯಿತು. ಲೈಟು ಹಾಕಲಿಲ್ಲ. ಬಾಗಿಲನ್ನು ಒಂದು ಆಳಿನಷ್ಟು ತೆರೆದೆ. ಚಪ್ಪಲಿ ಸದ್ದು ಹತ್ತಿರ ಬಂದು ನನ್ನ ಮುಂದೆ ನಿಂತಿತು.

"ಹೊಸಬ್ರಾ? ಯಜಮಾನ್ರು ಎಲ್ಲಿ ಇವತ್ತು?"

ಆ ದನಿ ನನಗೆ ಗೊತ್ತಿತ್ತು. "ತೀರ್ಕಂಡ್ರು ಅತ್ತಿಗೆ" ಅಂದೆ.

"ನೀನಾ?" ಅಂದರು. ಗೋಡೆಗೆ ಒರಗಿದ್ದು ಸೆರಗು ಉಜ್ಜಿದ ಸದ್ದಿನಿಂದ ತಿಳಿಯಿತು. "ಶಿವಾ... ಎಂಥಾ ಮನುಷ್ಯ ಕಣೋ ಅವ್ರು. ಮೊದ್ಲ ದಿನ ಕಾರ್ಡ್ ತಂದಾಗ ಬಾಯಿಗೆ ಬಂದಂಗೆ ಬೈದೆ, ಸತ್ತೋರಿಗೆ ಕಾರ್ಡ್ ತರಾಕೆ ನಾಚ್ಕೆ ಆಗಲ್ವಾ ಅಂತ. ಬೈಸ್ಕಂಡು ಹೊಸ್ಲ ಹೊರಗೇ ಕುಂತ್ರು. ಹಾಳೆ ತೆಗ್ದು ತೋರ್ಸಿದ್ರು. 'ನೋಡಮ್ಮ, ನಮ್ ಸಾರು ಬ್ಯಾರೆ ಹೆಸ್ರೆಲ್ಲ ಸರಸರ ಬರ್ದವ್ರೆ, ಇದೊಂದು ಹೆಸ್ರಿಗೆ ಕೈ ನಡುಗೈತೆ. ಬರ್ದೋರು ನಿಮಗೇನಾಗ್ಬೇಕು?' ಅಂದ್ರು. ಮೈದ್ನ ಅಂದೆ. 'ಒಂದ್ಸಲ ಬಂದು ಕುಂತ್ಕಳ್ರಿ. ನೀವಾಗೇ ಮಾತಾಡಿಸ್ಬ್ಯಾಡ್ರಿ, ಅವ್ರೇ ತಿರುಗ್ಲಿ' ಅಂದ್ರು. ಒಂದ್ಸಲ ಬಂದೋಳು ಬರ್ತಾನೇ ಇದೀನಿ ನೋಡು."

"ಹಾಳೆ ಮ್ಯಾಲೆ ಹೆಸ್ರು..."

"ನಾನೇ ಬರ್ದಿದ್ದು. ಬಾಯಾಗೆ ಹೇಳಂಗಿಲ್ಲ ನಾನು ಅವ್ರ ಹೆಸ್ರು, ಬರೆಯಾಕೇನು."

ಮಾತಿಗೆ ಏನಾದರೂ ಬೇಕಾಗಿ, "ಒಬ್ರೇ ಬರೋಕೆ, ಒಬ್ರೇ ಕೂರೋಕೆ ಬೇಜಾರಾಗ್ತಿರ್ಲಿಲ್ವಾ ಅತ್ತಿಗೆ?" ಅಂದೆ.

"ಒಬ್ಳೇ ಎಲ್ಲಿ? ಪಕ್ಕದಾಗೆ ಆ ತಾಳ್ಯದ ಅಜ್ಜಿ ಇರ್ತಿತ್ತಲ್ಲ. ಹೊಗೆಸೊಪ್ಪಿನ ವಾಸ್ನೆ, ತಡಕಳಾಕೆ ಆಗ್ತಿರ್ಲಿಲ್ಲ. ಮುಂದೇನಾಗ್ತೈತೆ ಅಂತ ಎಲ್ಲ ಮೊದ್ಲೇ ಹೇಳ್ಬಿಡೋದು. ಇವತ್ತು ಯಾಕೋ ಬಂದಿಲ್ಲ."

ಅತ್ತಿಗೆ ನಮ್ಮ ಮನೆಗೆ ಬರುವ ಎಷ್ಟೋ ಮೊದಲೇ ಸತ್ತಿದ್ದ ಆ ಅಜ್ಜಿಯ ಹೊಗೆಸೊಪ್ಪಿನ ಸುದ್ದಿ ಅವರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಕೇಳುವುದಕ್ಕೆ ಅವರು ಸಮಯ ಕೊಡಲಿಲ್ಲ.

"ಈಗ್ ಹೇಳು" ಅಂದರು. "ಅವತ್ತು ಫೋನ್ ಯಾಕ್ ಎತ್ಲಿಲ್ಲ?"

ಕತ್ತಲಿತ್ತು. ಅವರ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನದು ಅವರಿಗೆ ಕಾಣುತ್ತಿರಲಿಲ್ಲ. "ನೋಡಿದ್ದೆ ಅತ್ತಿಗೆ" ಅಂದೆ. "ಮೂರು ಸಲವೂ ನೋಡಿದೆ. ಅಣ್ಣನ ಮೇಲಿನ ಸಿಟ್ಟಿಗೆ ಬೋರಲು ಇಟ್ಟೆ." ಹೇಳುತ್ತ ಹೇಳುತ್ತ ಅಳು ಬಂತು. ನಾಚಿಕೆಯಿಲ್ಲದೆ ಬಿಕ್ಕಿ ಬಿಕ್ಕಿ ಅತ್ತೆ.

ಅತ್ತಿಗೆ ನನ್ನನ್ನು ಸಮಾಧಾನ ಮಾಡಲಿಲ್ಲ. ಬಯ್ಯಲೂ ಇಲ್ಲ. ನಾನು ಅಳುವುದು ನಿಂತ ಮೇಲೆ ನಿಧಾನವಾಗಿ ಹೇಳಿದರು.

"ಫೋನ್ ಮಾಡಿದ್ದು ನಾನು. ಅವ್ರಲ್ಲ. ಅವ್ರು ಬ್ಯಾಡ ಬ್ಯಾಡ ಅಂತ ಕೈ ಹಿಡ್ಕಂತಿದ್ರು. 'ಇವತ್ತು ಅವನ ಶನಿವಾರ ಕಣೆ. ಜನ ತುಂಬಿರ್ತಾರೆ. ನಮ್ಮುಡ್ಗ ಎಲ್ರ ಮುಂದೆ ನಿಂತಿರ್ತಾನೆ, ನಡುವೆ ಎಬ್ಬಿಸ್ಬ್ಯಾಡ' ಅಂದ್ರು. ಅದೇ ಕಡೇ ಮಾತು."

ಅವತ್ತು ಸಭಾಂಗಣದಲ್ಲಿ ಇದ್ದದ್ದು ನಾಲ್ಕು ಜನ. ಅದನ್ನೂ ಅತ್ತಿಗೆಗೆ ಹೇಳಿದೆ.